ಊಟಿಯ ಮೋಡದ ರಂಗಪ್ಪ

ಈ ಬೇಸಿಗೆಯಲ್ಲಿ ನನ್ನ ಹೆಂಡತಿಯನ್ನು ಗಡಗಡ ನಡುಗಿಸಿಯೇ ತೀರುತ್ತೇನೆ ಎಂದು ನಾನು ಶಪಥ ಮಾಡಿದೆ!

ಅಪಾರ್ಥ ಮಾಡಿಕೊಳ್ಳಬೇಡಿ. ನಾನು ಹೆದರಿಸುವ ಗಂಡನಲ್ಲ, ಹೆದರಿಸಿದರೆ ಹೆದರುವ ಹೆಂಡತಿ ಅವಳೂ ಅಲ್ಲ. ಆ ಪ್ರಯೋಗ ಮದುವೆಯಾದ ಮೊದಲ ವರ್ಷವೇ ಮಾಡಿ ಕೈಬಿಟ್ಟಿದ್ದೇನೆ. ನಾನು ಹೇಳಿದ್ದು ಚಳಿಯ ನಡುಕ. ಹಲ್ಲಿಗೆ ಹಲ್ಲು ಬಡಿಯುವ, ಕಂಬಳಿ ಹೊದ್ದರೂ ಬಿಡದ, ನಮ್ಮ ಸೀಮೆಯವರು ಜ್ವರ ಬಂದಾಗ ಮಾತ್ರ ಕಂಡಿರುವ ಆ ನಡುಕ!

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಹೆಸರು ಉಜ್ಜಿನಪ್ಪ. ಆಂಧ್ರದ ಗಡಿಯೊಳಗಿನ ಗುಮ್ಮಘಟ್ಟದಲ್ಲಿ ಬಸ್ ನಿಲ್ಲುವ ಜಾಗದ ಎದುರಿಗೆ ಕುರಿ ಔಷಧಿಯ ಅಂಗಡಿ ಇಟ್ಟುಕೊಂಡಿದ್ದೇನೆ. ಸುತ್ತಲ ಹಳ್ಳಿಗಳ ಕುರಿಗಳಿಗೆ ಕೆಮ್ಮು ಬಂದರೂ ಹೊಟ್ಟೆ ಉಬ್ಬಿದರೂ ಅವುಗಳ ಮಾಲೀಕರು ನನ್ನ ಮೆಟ್ಟಿಲು ಹತ್ತಲೇಬೇಕು. ನನ್ನ ಅಂಗಡಿಗೆ ಒಂದು ಕೀರ್ತಿಯಿದೆ. ಅಲ್ಲಿ 'ಇಲ್ಲ' ಎಂಬ ಮಾತಿಲ್ಲ! ಕಾಲುಬಾಯಿ ಜ್ವರದ ಔಷಧಿ ಕೇಳಿದಿರಾ, ಅದು ಮುಗಿದಿದೆಯಾ, ಪರವಾಗಿಲ್ಲ. "ಮೊದ್ಲು ಹೊಟ್ಟಿ ಶುದ್ಧ ಆಗ್ಬೇಕ್ರಿ" ಎಂದು ಜಂತುಹುಳದ ಔಷಧಿ ಕೊಟ್ಟು ಕಳಿಸುತ್ತೇನೆ. ಇಪ್ಪತ್ತು ವರ್ಷಗಳಲ್ಲಿ ಬರಿಗೈಯಲ್ಲಿ ವಾಪಸು ಹೋದ ಗಿರಾಕಿ ಒಬ್ಬನಿಲ್ಲ. ಈ ಬಗ್ಗೆ ಕುರಿಗಳ ಅಭಿಪ್ರಾಯವನ್ನು ಯಾರೂ ಕೇಳಿಲ್ಲ.

ಅಂಗಡಿಯಲ್ಲಿ ನನ್ನ ಹೆಮ್ಮೆಯ ವಸ್ತು ಎಂದರೆ ಲಸಿಕೆ ಇಡುವ ಫ್ರಿಜ್ಜು. ನೀಲಿ ನಾಲಿಗೆ ರೋಗದ ಲಸಿಕೆ, ಕರುಳುಬೇನೆಯ ಲಸಿಕೆ ಎಲ್ಲವೂ ಅದರೊಳಗೆ ಹಾಯಾಗಿ ಮಲಗಿರುತ್ತವೆ. ಕರೆಂಟು ಹೋದರೆ ನಾನು ಬೆವರುವುದು ನನಗಾಗಿ ಅಲ್ಲ, ಅವುಗಳಿಗಾಗಿ! ಅದರ ಬಾಗಿಲಿಗೆ ನನ್ನದೇ ಒಂದು ಕಾನೂನು: ಮೊದಲು ಏನು ಬೇಕೆಂದು ಯೋಚಿಸು, ಆಮೇಲೆ ತೆಗೆ, ತೆಗೆದ ಕೂಡಲೇ ಮುಚ್ಚು.

ಏಪ್ರಿಲ್ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ಮಂಗಳಾ, ಅಂದರೆ ನನ್ನ ಹೆಂಡತಿ, ಬುತ್ತಿ ತಂದಳು. ಮನೆಯಲ್ಲಿ ನಮ್ಮದೇ ನಲವತ್ತು ಕುರಿಗಳಿವೆ. ಅವುಗಳ ಹಿಂದೆ ನನ್ನ ತಮ್ಮ ಅಡವಿಗೆ ಹೋಗುತ್ತಾನೆ. ಮರಿಗಳು ಮಾತ್ರ ಮನೆಯಲ್ಲೇ ಉಳಿಯುತ್ತವೆ, ಅವುಗಳ ಸೊಪ್ಪು, ನೀರು, ಗಲಾಟೆ ಎಲ್ಲ ಮಂಗಳಳ ಪಾಲು. ಅಷ್ಟು ಮುಗಿಸಿ, ಕಾದ ಹಂಚಿನಂಥ ರಸ್ತೆಯಲ್ಲಿ ನಡೆದು ಬಂದವಳು ಬುತ್ತಿಯನ್ನು ಕೌಂಟರಿನ ಮೇಲಿಟ್ಟು, ಸೀದಾ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದು, ಮುಖವನ್ನು ಒಳಗೆ ಇಟ್ಟು ಕಣ್ಣು ಮುಚ್ಚಿ ನಿಂತಳು.

"ಏಯ್ ಮಂಗಳಾ! ಬಾಗಿಲು ಮುಚ್ಚು! ಲಸಿಕಿ ಕೆಡ್ತಾವ!"

ಅವಳು ಮುಚ್ಚಿದಳು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ನನ್ನ ಕಡೆ ನೋಡಿದಳು.

"ಕುರಿ ಲಸಿಕಿಗೆ ಇರೋ ತಂಪು ನನಗಿಲ್ಲ ನೋಡ್ರಿ" ಅಂದಳು.

ಜಗಳ ಮಾಡುವ ದನಿಯಲ್ಲಿ ಹೇಳಿದ್ದರೆ ನನ್ನ ಹತ್ತಿರ ಉತ್ತರವಿತ್ತು. ಅವಳು ಹಾಗೆ ಹೇಳಲಿಲ್ಲ. ಬುತ್ತಿ ಬಿಚ್ಚಿ, ರೊಟ್ಟಿ ಇಟ್ಟು, ಖಾಲಿ ಚೀಲ ತಲೆಯ ಮೇಲೆ ಹಾಕಿಕೊಂಡು ಅದೇ ಬಿಸಿಲಿನಲ್ಲಿ ವಾಪಸು ಹೋದಳು. ಎರಡು ವರ್ಷದಿಂದ ಅವಳಿಗೆ ಹೊರಗಿನ ಸೆಖೆ ಸಾಲದೆಂದು ಒಳಗಿನಿಂದಲೂ ಒಂದು ಸೆಖೆ ಹತ್ತಿಕೊಂಡಿತ್ತು. ಕೂತಲ್ಲೇ ಮುಖ ಕೆಂಪಾಗಿ ಬೆವರು ಕಿತ್ತುಕೊಂಡು ಬರುತ್ತಿತ್ತು. ಆ ವಯಸ್ಸಿನ ಹೆಂಗಸರಿಗೆ ಆಗುವಂಥದ್ದು, ಔಷಧಿ ಬೇಡ ಎಂದು ರಾಯದುರ್ಗದ ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಔಷಧಿ ಬೇಡ ಎಂದ ಮೇಲೆ ನಾನು ಆ ವಿಷಯವನ್ನೇ ಮರೆತಿದ್ದೆ. ಔಷಧಿ ಅಂಗಡಿಯವನ ಬುದ್ಧಿ! ಅವತ್ತು ರೊಟ್ಟಿ ಮುಗಿಸಿ ಕೈ ತೊಳೆದವನೇ ಶಪಥ ಮಾಡಿದೆ: ಊಟಿ! ನಾನು ಮತ್ತು ಮಂಗಳಾ, ಇಬ್ಬರೇ!

ಅಂದಿನಿಂದ ನಾನು ಊಟಿಯ ತಜ್ಞನಾದೆ. ಫೋನಿನಲ್ಲಿ ಊಟಿಯ ರಸ್ತೆ ನೋಡಿದೆ, ಕೆರೆ ನೋಡಿದೆ, ಚಹಾ ತೋಟ ನೋಡಿದೆ. ಪ್ರತಿದಿನ ಸಂಜೆ ಮನೆಗೆ ಹೋಗಿ ಹೊಸ್ತಿಲಲ್ಲೇ ನಿಂತು ವರದಿ ಒಪ್ಪಿಸುತ್ತಿದ್ದೆ.

"ಇವತ್ತು ನಮ್ಮಲ್ಲಿ ನಲವತ್ತೆರಡು. ಊಟಿಯಾಗ ಹದಿನಾಲ್ಕು!"

"ಹದಿನಾಲ್ಕು ಅಂದ್ರ ಎಷ್ಟು ತಂಪ್ರೀ?"

"ಮುಂಜಾನಿ ಮಾತಾಡಿದ್ರ ಬಾಯಾಗಿಂದ ಹೊಗಿ ಬರ್ತೈತಂತ!"

ಮಂಗಳಾ ಕೈಯಲ್ಲಿದ್ದ ಮರಿಯನ್ನು ಕೆಳಗೆ ಬಿಟ್ಟು, ಸುಮ್ಮನೆ ಒಂದು ಸಲ ಬಾಯಿಂದ ಉಸಿರು ಬಿಟ್ಟು ನೋಡಿದಳು. ಹೊಗೆ ಏನೂ ಬರಲಿಲ್ಲ. ಆದರೂ ನಕ್ಕಳು.

ಸ್ವೆಟರ್ ಕೊಳ್ಳಲು ಇಬ್ಬರೂ ಶೇರ್ ಆಟೋದಲ್ಲಿ ರಾಯದುರ್ಗಕ್ಕೆ ಹೋದೆವು. ಮೇ ತಿಂಗಳ ಮೊದಲ ವಾರ ರಾಯದುರ್ಗದಲ್ಲಿ ಸ್ವೆಟರ್ ಕೇಳಿದವರು ಇತಿಹಾಸದಲ್ಲಿ ನಾವೇ ಇರಬೇಕು. ಅಂಗಡಿಯವನು ಜೀನ್ಸ್ ಪ್ಯಾಂಟುಗಳ ಗುಡ್ಡದ ಹಿಂದಿನಿಂದ ಎದ್ದು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾರಿಗ್ರಿ? ಮನಿಯಾಗ ಚಳಿಜ್ವರ ಬಂದೈತೇನು?" ಎಂದು ಕೇಳಿದ. ಅಟ್ಟ ಹತ್ತಿ, ಧೂಳು ಕೊಡವಿ, ಒಂದು ಕೆಂಪು ಸ್ವೆಟರ್ ಕೆಳಗೆ ಎಸೆದ. ಮನೆಗೆ ಬಂದು ಮಂಗಳಾ ಅದನ್ನು ಹಾಕಿಕೊಂಡು, ಮಟಮಟ ಮಧ್ಯಾಹ್ನ ಗುಂಡಿಯನ್ನೆಲ್ಲ ಹಾಕಿ, ಕನ್ನಡಿಯ ಮುಂದೆ ನಿಂತಳು. ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು, ಮುಖದ ಮೇಲೆ ಮದುವೆಯ ದಿನ ಕಂಡಿದ್ದ ನಗೆಯಿತ್ತು. ಆ ಕ್ಷಣದಲ್ಲಿ ನಾನು ಪ್ರಪಂಚದ ಶ್ರೇಷ್ಠ ಗಂಡಂದಿರ ಪಟ್ಟಿಯಲ್ಲಿ ಮೊದಲ ಮೂವರೊಳಗೆ ಇದ್ದೆ.

ಅಲ್ಲಿಂದ ಇಳಿಯಲು ನನಗೆ ಒಂದೇ ದಿನ ಸಾಕಾಯಿತು.

ಮಾರನೆಯ ಬೆಳಿಗ್ಗೆ ಅಂಗಡಿಯಲ್ಲಿ ಕೂತು ಫೋನಿನಲ್ಲಿ ಊಟಿಯ ದಾರಿ ನೋಡುತ್ತಿದ್ದೆ. ಪಕ್ಕದ ಮನೆಯ ಪೆದ್ದಣ್ಣ ಜಂತುಹುಳದ ಔಷಧಿಗೆ ಬಂದ.

"ಏನಣ್ಣ, ಮ್ಯಾಪು ತಗದು ಕುಂತೀಯಲ್ಲ, ಎಲ್ಲಿಗಿ ಸವಾರಿ?"

"ಊಟಿಗಿ."

"ಯಾರದು ಮದುವಿ?"

"ಮದುವಿ ಅಲ್ಲೋ."

"ದವಾಖಾನಿಗೇನು? ಮಂಗಳಕ್ಕಗ ಏನಾತು?"

"ಏನೂ ಆಗಿಲ್ಲ."

ಪೆದ್ದಣ್ಣನ ಮುಖ ಗಂಭೀರವಾಯಿತು. ಗಂಭೀರವಾದರೆ ಅವನ ಬಾಯಲ್ಲಿ ತೆಲುಗು ಬರುತ್ತದೆ. "ಅಯಿತೇ ಅಕ್ಕಡ ಏ ದೇವುಡುನ್ನಾಡಣ್ಣಾ?" ಎಂದು ಕೇಳಿದ. ಹಾಗಾದರೆ ಅಲ್ಲಿ ಯಾವ ದೇವರಿದ್ದಾನೆ?

ಅವನ ತಪ್ಪೇನೂ ಇಲ್ಲ. ನಮ್ಮ ಕಡೆ ಊರು ಬಿಟ್ಟು ಹೋಗಲು ಮೂರೇ ಕಾರಣ: ದೇವರು, ಮದುವೆ, ದವಾಖಾನೆ. ಸಾವು ನಾಲ್ಕನೆಯದು, ಆದರೆ ಅದಕ್ಕೆ ಯಾರೂ ಮ್ಯಾಪು ನೋಡುತ್ತಾ ಕೂರುವುದಿಲ್ಲ. ನಾನು ಹೇಳಬೇಕಾಗಿದ್ದದ್ದು ನಾಲ್ಕೇ ಶಬ್ದ: 'ಹೆಂಡತಿಗೆ ತಂಪು ತೋರಿಸಾಕ ಹೊಂಟೀನಿ.' ಆ ನಾಲ್ಕು ಶಬ್ದ ನಾಲಿಗೆಯ ತುದಿಗೆ ಬಂದವು. ಅಷ್ಟರಲ್ಲಿ ಅಂಗಡಿಯ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ ನಾಲ್ಕು ಜನ ಕುರಿಗಾರರು ತಲೆ ಎತ್ತಿ ನನ್ನನ್ನೇ ನೋಡಿದರು. ನಾಳೆಯಿಂದ ಇವರ ಬಾಯಲ್ಲಿ ನನ್ನ ಹೆಸರು ಏನಾಗುತ್ತದೆಂದು ಹೊಳೆಯಿತು. ದೇವರಿಲ್ಲ ಅನ್ನೋಣವೆಂದರೆ, ನನ್ನ ಅಂಗಡಿಯಲ್ಲಿ ಆ ಮಾತೇ ಇಲ್ಲವಲ್ಲ! ಗೋಡೆಯ ಮೇಲೆ ಔಷಧಿ ಕಂಪನಿಯ ಕ್ಯಾಲೆಂಡರಿತ್ತು. ಮೇ ತಿಂಗಳ ಹಾಳೆಯಲ್ಲಿ ಮೋಡ ಮುಚ್ಚಿದ ಒಂದು ಗುಡ್ಡ. ನಮ್ಮೂರ ಗುಡ್ಡದ ಮೇಲಿರುವ ದೇವರು ರಂಗಪ್ಪ, ಎರಡನ್ನೂ ಕೂಡಿಸಿದೆ.

"ಮೋಡದ ರಂಗಪ್ಪ" ಅಂದೆ.

"ಕೇಳಿಲ್ಲಲ್ಲಣ್ಣ!"

"ದೂರದ ದೇವರು."

"ಎಂಥಾ ಮಹಿಮಿ ಐತಿ?"

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಆದರೆ ಇಪ್ಪತ್ತು ವರ್ಷ ಗಿರಾಕಿಗಳಿಗೆ ಔಷಧಿಯ ಗುಣ ಹೇಳಿದ ಬಾಯಿ ನನ್ನದು. "ಕುರಿಗಳಿಗೆ ಭಾಳ ಒಳ್ಳೇದು. ಒಂದು ಸಲ ನಡಕೊಂಡ್ರ ರೋಗ ಹಟ್ಟಿ ಹತ್ರ ಸುಳಿಯಂಗಿಲ್ಲ!" ಎಂದುಬಿಟ್ಟೆ. ಅಂದ ಮೇಲೆ ನನಗೇ ಹೊಳೆಯಿತು. ಅಂಥ ದೇವರು ನಿಜವಾಗಿ ಇದ್ದಿದ್ದರೆ ಮೊದಲು ಬಾಗಿಲು ಮುಚ್ಚುವುದು ನನ್ನ ಅಂಗಡಿಯೇ!

ಮಧ್ಯಾಹ್ನದ ಹೊತ್ತಿಗೆ ಮೊದಲ ಮುಡುಪು ಬಂತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅರಿಶಿನದಲ್ಲಿ ಅದ್ದಿದ ಬಟ್ಟೆ ತುಂಡಿನಲ್ಲಿ ಒಂದು ನಾಣ್ಯ ಇಟ್ಟು, ಮನಸ್ಸಿನಲ್ಲಿ ಬೇಡಿಕೊಂಡು ಗಂಟು ಹಾಕುತ್ತಾರೆ. ಯಾರಾದರೂ ಆ ದೇವರ ಗುಡ್ಡಕ್ಕೆ ಹೊರಟರೆ, ಹೋಗಲಾರದವರು ತಮ್ಮ ಗಂಟನ್ನು ಅವರ ಕೈಗೆ ಕೊಡುತ್ತಾರೆ. ಹಾಗೆ ಕೊಟ್ಟದ್ದನ್ನು ಬೇಡ ಅನ್ನುವಂತಿಲ್ಲ. ತೆಗೆದುಕೊಂಡ ಮೇಲೆ ವಾಪಸು ಕೊಡುವಂತೆಯೂ ಇಲ್ಲ. ಪೆದ್ದಣ್ಣ ಎರಡೂ ಕೈ ಜೋಡಿಸಿ ತನ್ನ ಗಂಟನ್ನು ಕೌಂಟರಿನ ಮೇಲಿಟ್ಟ. "ಈ ವರ್ಷ ಹನ್ನೊಂದು ಮರಿ ಸತ್ತಾವಣ್ಣ, ನೀನೇ ರಂಗಪ್ಪಗ ಹೇಳು" ಅಂದ. ಆ ಹನ್ನೊಂದು ಮರಿಗಳಿಗೆ ಔಷಧಿ ಕೊಟ್ಟವನು ನಾನೇ. ಗಂಟನ್ನು ಕಣ್ಣಿಗೊತ್ತಿಕೊಳ್ಳುವಾಗ ನನ್ನ ಕೈ ನಡುಗಿತು. ಶಪಥದ ನಡುಕ ತಪ್ಪಿದ ವಿಳಾಸಕ್ಕೆ ಬಂದಿತ್ತು.

ಎರಡೇ ದಿನಕ್ಕೆ ಬಿಸ್ಕತ್ತಿನ ಡಬ್ಬಿಯ ತುಂಬ ಹಳದಿ ಗಂಟುಗಳಾದವು. ಮೂರನೆಯ ದಿನ ಊರಿನ ಹಿರಿಯ ಚಿಕ್ಕತಿಮ್ಮಯ್ಯ ಒಂದು ಕೊಬ್ಬಿದ ಟಗರಿನ ಕೊರಳಿಗೆ ಹಗ್ಗ ಹಾಕಿ ಎಳೆದುಕೊಂಡು ಬಂದರು.

"ರಂಗಪ್ಪಗ ಬಿಟ್ಟೀನಿ. ನಿನ್ನ ಜತಿಗೇ ಕರಕೊಂಡು ಹೋಗು."

"ಊಟಿ ಬಸ್ಸಿನಾಗ ಟಗರು ಹತ್ತಿಸಂಗಿಲ್ರಿ!"

"ಟಿಕೀಟು ತಗಿಸ್ತೀನಿ."

"ಆ ರಂಗಪ್ಪ ಶಾಕಾಹಾರಿ ರೀ!"

ಚಿಕ್ಕತಿಮ್ಮಯ್ಯ ಟಗರನ್ನು ನೋಡಿದರು, ನನ್ನನ್ನು ನೋಡಿದರು. ಹಗ್ಗ ಎಳೆದುಕೊಂಡು ವಾಪಸು ಹೋದರು. ಗೆದ್ದೆ ಅಂದುಕೊಂಡೆ. ಸಂಜೆ ಒಂದು ಹೊಸ ಕರಿ ಕಂಬಳಿ ಹೊತ್ತು ಮತ್ತೆ ಬಂದರು. "ಮೋಡದಾಗ ಇರೋ ದೇವರಿಗೆ ಚಳಿ ಆಗಂಗಿಲ್ಲೇನು? ನಮ್ಮ ಕುರಿ ಉಣ್ಣಿದು, ಹೊದಿಸಿ ಬಾ" ಅಂದರು. ಆಮೇಲೆ ಸ್ವಲ್ಪ ಯೋಚಿಸಿ, "ನಾನೇ ಬಂದು ಹೊದಿಸ್ತೀನಿ ಬಿಡು, ದರ್ಶನ ಆದಂಗ ಆಗ್ತೈತಿ" ಅಂದರು.

ಅಷ್ಟೇ! ಹಿರಿಯರೇ ಹೊರಟ ಮೇಲೆ ಉಳಿದವರು ಬಿಡುತ್ತಾರೆಯೇ? ಪೆದ್ದಣ್ಣ ಹೊರಟ. ಕಟ್ಟೆಯ ಮೇಲಿನ ನಾಲ್ಕು ಬೀಡಿಗಳೂ ಹೊರಟವು. ಇನ್ನೂ ಇಬ್ಬರು ಸೇರಿದರು. ಒಟ್ಟು ಎಂಟು ಜನ ಭಕ್ತರು, ಎಂಟೂ ಗಂಡಸರು! ಬಸ್ಸು ರದ್ದಾಗಿ ಹನುಮಂತುವಿನ ಕ್ರೂಸರ್ ಜೀಪು ಬಾಡಿಗೆಗೆ ಗೊತ್ತಾಯಿತು. ಯಾರು ಎಲ್ಲಿ ಕೂರಬೇಕೆಂದು ನನ್ನ ಅಂಗಡಿಯಲ್ಲೇ ಸಭೆ ನಡೆಯಿತು. ಕಿಟಕಿಯ ಪಕ್ಕದ ಜಾಗಗಳೆಲ್ಲ ಹಂಚಿಹೋದ ಮೇಲೆ ಚಿಕ್ಕತಿಮ್ಮಯ್ಯ, "ಮಂಗಳವ್ವ ಹೆಂಗೂ ತೆಳ್ಳಗದಾಳ, ಹಿಂದ ತೆಂಗಿನಕಾಯಿ ಚೀಲದ ಹತ್ರ ಕುಂದರ್ತಾಳ ಬಿಡು" ಎಂದು ತೀರ್ಪು ಕೊಟ್ಟರು. ನಾನು ಬಾಯಿ ತೆರೆದೆ. 'ಇಲ್ಲ' ಅನ್ನುವ ಅಭ್ಯಾಸವಿಲ್ಲದ ಬಾಯಿ ಅದು, ಗಾಳಿ ತೆಗೆದುಕೊಂಡು ಮುಚ್ಚಿಕೊಂಡಿತು.

ಮಂಗಳಳಿಗೆ ಈ ಸುದ್ದಿ ತಲುಪಿಸಿದ್ದು ಪೆದ್ದಣ್ಣನ ಹೆಂಡತಿ ದುರುಗಕ್ಕ. "ರಂಗಪ್ಪನ ಗುಡ್ಡಕ್ಕ ಹೊಂಟೀರಿ, ಇನ್ನೂ ಒಪ್ಪತ್ತು ಹಿಡಿದಿಲ್ಲೇನಕ್ಕ?" ಎಂದು ಕೇಳಿದಳಂತೆ. ಯಾತ್ರೆಗೆ ಹೊರಟವರು ದಿನಕ್ಕೆ ಒಂದೇ ಹೊತ್ತು ಉಣ್ಣುವುದು ನಮ್ಮಲ್ಲಿ ಪದ್ಧತಿ. ಮಧ್ಯಾಹ್ನ ಮಂಗಳಾ ಬುತ್ತಿ ತಂದಾಗ ಅವಳ ಮುಖ ನೋಡಿಯೇ ನಾನು ಲಸಿಕೆಗಳನ್ನು ಎಣಿಸತೊಡಗಿದೆ.

"ಯಾರ್ರೀ ಅದು ಮೋಡದ ರಂಗಪ್ಪ?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳು ನಗುತ್ತಾಳೆಂಬ ಆಸೆಯಿಂದ ಟಗರಿನ ಕಥೆಗೆ ಸ್ವಲ್ಪ ಬಣ್ಣ ಹಚ್ಚಿಯೇ ಹೇಳಿದೆ. ಅವಳು ನಗಲಿಲ್ಲ. ಸ್ಟೂಲಿನ ಮೇಲೆ ಕೂತು ಬೆರಳು ಮಡಚತೊಡಗಿದಳು.

"ಇಪ್ಪತ್ತಾರು ವರ್ಷದಾಗ ನಾನು ಎಲ್ಲೆಲ್ಲಿ ಹೋಗೀನಿ ಹೇಳ್ತೀನಿ, ಕೇಳ್ರಿ. ನಿಮ್ಮ ತಮ್ಮನ ಮಗನ ಮುಡಿ ತಗಸಾಕ ತಿರುಪತಿಗೆ. ನಿಮ್ಮವ್ವನ ಕಣ್ಣಿನ ಆಪರೇಷನ್‌ಗೆ ಬಳ್ಳಾರಿಗೆ. ನಮ್ಮ ಮಗಳು ಮಂಜುಳನ ಬಾಣಂತನಕ್ಕ ಡಿ. ಹಿರೇಹಾಳ್‌ಗೆ. ಉಳಿದಿದ್ದೆಲ್ಲ ಮದುವಿ, ಮಣ್ಣು. ಎಲ್ಲಾ ಕಡಿಗೂ ಯಾರದರ ಸಲುವಾಗಿ ಹೋಗೀನಿ. ನನ್ನ ಸಲುವಾಗಿ ಒಂದೂರಿಲ್ಲ. ಇದೊಂದು ಇತ್ತು."

ಮಂಗಳಾ ಕೊನೆಯ ಬೆರಳನ್ನೂ ಮಡಚಿದಳು.

"ನನ್ನ ಹೆಸರು ಹೇಳಾಕ ನಿಮಗ ನಾಚಿಕಿ ಆತು. ಇಲ್ಲದ ದೇವರ ಹೆಸರು ಹೇಳಾಕ ನಾಚಿಕಿ ಆಗಲಿಲ್ಲ."

"ನಾಳಿ ಎಲ್ರಿಗೂ ನಿಜ ಹೇಳಿಬಿಡ್ತೀನಿ ಮಂಗಳಾ!"

"ಹೇಳಂಗಿಲ್ಲ ನೀವು. ನನಗ ಗೊತ್ತೈತಿ" ಎಂದು ಎದ್ದಳು. "ಹೋಗ್ಲಿ ಬಿಡ್ರಿ. ಜನರ ಮುಂದ ನಿಮ್ಮ ಮುಖ ಉಳೀಲಿ. ಒಪ್ಪತ್ತು ಇರ್ತೀನಿ."

ನಿಜವಾಗಿಯೂ ಇದ್ದಳು! ನನ್ನ ಸುಳ್ಳಿಗೆ ಅವಳು ಒಂಬತ್ತು ದಿನ ಒಂದೇ ಹೊತ್ತು ಉಂಡಳು. ಕೆಂಪು ಸ್ವೆಟರನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಿದಳು. ಸಂಜೆ ಹೊಸ್ತಿಲಲ್ಲಿ ನಿಂತು "ಇವತ್ತು ಊಟಿಯಾಗ ಹದಿಮೂರು!" ಎಂದರೆ, "ಹೂಂ" ಎಂದು ಮರಿಗಳಿಗೆ ನೀರು ಹಾಕಲು ಹೋಗುತ್ತಿದ್ದಳು. ನಾನು ಆ ದಿನಗಳಲ್ಲಿ ಪೆದ್ದಣ್ಣನಿಗೆ ನಿಜ ಹೇಳಲು ಮೂರು ಸಲ ಹೋದೆ. ಮೂರು ಸಲವೂ ಅವನ ಮರಿಗಳ ಯೋಗಕ್ಷೇಮ ವಿಚಾರಿಸಿ ವಾಪಸು ಬಂದೆ. ಬೈದಿದ್ದರೆ ಬೈಸಿಕೊಂಡು ಮರೆಯಬಹುದಿತ್ತು. ಹಸಿದುಕೊಂಡು ಸುಮ್ಮನಿರುವ ಹೆಂಡತಿಯ ಎದುರಿಗೆ ಎರಡು ಹೊತ್ತು ಉಣ್ಣುವ ಗಂಡನ ಕಷ್ಟ ಉಂಡವನಿಗೇ ಗೊತ್ತು.

ಹೊರಡುವ ಭಾನುವಾರ ಬೆಳಿಗ್ಗೆ ಹನುಮಂತು ಕ್ರೂಸರಿಗೆ ಹೂವಿನ ಹಾರ ಹಾಕಿಕೊಂಡು ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದ. ಎಂಟು ಜನ ಭಕ್ತರು ಬಿಳಿ ಪಂಚೆ ಉಟ್ಟು, ಹಣೆಗೆ ನಾಮ ಎಳೆದುಕೊಂಡು ತಯಾರಾಗಿದ್ದರು. ಅವರ ಹೆಂಡಂದಿರು ಅರಿಶಿನ, ಕುಂಕುಮ, ಕಾಯಿ ಹಿಡಿದು ಬೀಳ್ಕೊಡಲು ಬಂದಿದ್ದರು. ಇಡೀ ಅಂಗಳ ತುಂಬಿತ್ತು. ಮಂಗಳಾ ಹತ್ತಿ ಸೀರೆ ಉಟ್ಟು, ತೆಂಗಿನಕಾಯಿ ಚೀಲದ ಪಕ್ಕದಲ್ಲಿ ನಿಂತಿದ್ದಳು. ನಾನು ಮುಡುಪುಗಳ ಡಬ್ಬಿ ಎದೆಗೆ ಅವಚಿಕೊಂಡು, ಊಟಿಯಲ್ಲಿ ಇಳಿದ ಮೇಲೆ ಈ ಎಂಟು ಜನಕ್ಕೆ ಯಾವ ಕಲ್ಲನ್ನು ತೋರಿಸುವುದು ಎಂದು ಲೆಕ್ಕ ಹಾಕುತ್ತಿದ್ದೆ.

ಅಷ್ಟರಲ್ಲಿ ಎರ್ರಮ್ಮ ಬಂದಳು. ಎರ್ರಜ್ಜಿ ಎಂದರೆ ಊರಿಗೆಲ್ಲ ಗೊತ್ತು. ಎಪ್ಪತ್ತು ದಾಟಿದ ಒಂಟಿ ಮುದುಕಿ, ಆರು ಕುರಿ, ಬಾಯಲ್ಲಿ ಸದಾ ಒಂದು ಬೀಡಿ. ಕೋಲೂರಿಕೊಂಡು ಸೀದಾ ಮಂಗಳಳ ಮುಂದೆ ಬಂದು ನಿಂತು, ಸೊಂಟದ ಸಂಚಿಯಿಂದ ಒಂದು ಮುಡುಪು ತೆಗೆದಳು. ಅದರ ಅರಿಶಿನ ಮಾಸಿ ಬಟ್ಟೆ ಬೂದಿಬಣ್ಣವಾಗಿತ್ತು.

"ಭಾಳ ವರ್ಷದಿಂದ ಕಟ್ಟಿ ಇಟಗಂಡೀನವ್ವ. ಯಾವ ದೇವರಿಗೆ ಕೊಡಬೇಕು ಅಂತ ತಿಳೀಲಿಲ್ಲ. ನಿನ್ನ ಕೈಲೆ ಹೋಗ್ಲಿ."

ಮಂಗಳಾ ಕೈ ಚಾಚಿದಳು. ಗಂಟು ಅಂಗೈಯ ಮೇಲೆ ಬೀಳುವ ಮೊದಲೇ ಕೈ ಹಿಂದಕ್ಕೆ ತೆಗೆದುಕೊಂಡಳು.

"ಎರ್ರಜ್ಜಿ, ಅಲ್ಲಿ ದೇವರಿಲ್ಲ."

ಅಜ್ಜಿ ಗಂಟನ್ನು ಹಾಗೇ ಹಿಡಿದುಕೊಂಡು ಕೇಳಿದಳು:

"ಅಂದ್ರ?"

"ಮೋಡದ ರಂಗಪ್ಪ ಅಂತ ಯಾರೂ ಇಲ್ಲ. ಅಲ್ಲಿ ಬರೀ ತಂಪೈತಿ. ನನಗ ಸೆಖಿ ತಡಿಯಾಕ ಆಗವಲ್ಲದು. ಒಂದು ಸಲ ಮೈಯೆಲ್ಲ ತಣ್ಣಗಾಗ್ಲಿ ಅಂತ ಆಸಿ ಆತು. ಅದಕ್ಕ ಹೊಂಟಿದ್ದೆ, ಅಷ್ಟೇ. ತಪ್ಪಾದ್ರ ನನ್ನದು."

ತಪ್ಪು ಅವಳದಂತೆ! ಮೂವತ್ತು ಜೋಡಿ ಕಣ್ಣು ಅವಳನ್ನು ಬಿಟ್ಟು ನಿಧಾನವಾಗಿ ನನ್ನ ಕಡೆ ತಿರುಗಿದವು. ಆಗಲಾದರೂ ನನ್ನ ಬಾಯಿ ಕೆಲಸ ಮಾಡಿತು. "ಅವಳದಲ್ರಿ, ನನ್ನದು. ಹೆಂಡತಿಗೆ ತಂಪು ತೋರಿಸಾಕ ಹೊಂಟೀನಿ ಅನ್ನಾಕ ನಾಚಿಕಿ ಆಗಿ ಸುಳ್ಳು ಹೇಳೀನಿ. ರಂಗಪ್ಪ ಇಲ್ಲ" ಅಂದೆ. ಇಪ್ಪತ್ತು ವರ್ಷದಲ್ಲಿ ನನ್ನ ಬಾಯಿಂದ ಬಂದ ಮೊದಲ 'ಇಲ್ಲ' ಅದು. ಸ್ವಲ್ಪ ತಡವಾಗಿ ಬಂತು.

ಪೆದ್ದಣ್ಣ ಕೆಂಡವಾಗಿ ಬಾಯಿ ತೆರೆಯುವಷ್ಟರಲ್ಲಿ ಎರ್ರಜ್ಜಿ ಕೋಲೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. ಅವಳ ಗಮನ ಬೇರೆ ಕಡೆ ಇತ್ತು.

"ತಂಪು ಅಂದ್ರ ಎಷ್ಟು ತಂಪವ್ವ?"

"ಮುಂಜಾನಿ ಬಾಯಾಗಿಂದ ಹೊಗಿ ಬರ್ತೈತಂತಜ್ಜಿ."

"ಬೀಡಿ ಸೇದಲಾರದೇ?"

"ಸೇದಲಾರದೇ!"

ಎರ್ರಜ್ಜಿ ಬಾಯಲ್ಲಿದ್ದ ಬೀಡಿಯನ್ನು ತೆಗೆದು ಅದನ್ನೊಮ್ಮೆ ನೋಡಿದಳು, ನೆಲಕ್ಕೆ ಹಾಕಿ ಕೋಲಿನಿಂದ ಒತ್ತಿದಳು. ಹಳೇ ಮುಡುಪನ್ನು ಮತ್ತೆ ಸಂಚಿಗೆ ಸೇರಿಸಿದಳು. "ಹಂಗಿದ್ರ ನಾನೂ ಬರ್ತೀನಿ" ಎಂದು ಕ್ರೂಸರಿನ ಬಾಗಿಲ ಹತ್ತಿರ ಹೋಗಿ, "ಹತ್ತಿಸ್ರೋ ಯಾರಾದ್ರೂ!" ಅಂದಳು.

"ದೇವರೇ ಇಲ್ಲದ ಗುಡ್ಡಕ್ಕ ಹೋಗಿ ಏನು ಮಾಡ್ತೀ ಮುದುಕಿ?" ಎಂದು ಚಿಕ್ಕತಿಮ್ಮಯ್ಯ ಗದರಿಸಿದರು. "ನಾವು ಬರಂಗಿಲ್ಲ! ಚೀಲ ಇಳಿಸ್ರಿ ಎಲ್ಲಾ!"

ಭಕ್ತರು ಒಬ್ಬೊಬ್ಬರಾಗಿ ಚೀಲ ಇಳಿಸಿಕೊಂಡರು. ಎಂಟು ಜಾಗ ಖಾಲಿಯಾದವು. ನಾನು ಅಷ್ಟು ಹೊತ್ತೂ ದುರುಗಕ್ಕನ ಕಡೆ ನೋಡಿರಲಿಲ್ಲ. ಅವಳು ಕೈಯಲ್ಲಿದ್ದ ಕುಂಕುಮದ ಬಟ್ಟಲನ್ನು ಗಂಡನ ಕೈಗೆ ಕೊಟ್ಟಳು.

"ಹಿಡ್ಕೋರಿ."

"ಯಾಕ?"

"ನಾನು ಹೊಂಟೆ. ನನಗೂ ಸೆಖಿ ಐತಿ."

ಪೆದ್ದಣ್ಣ ಬಟ್ಟಲು ಹಿಡಿದು ನಿಂತ. ಅವನ ಬಾಯಲ್ಲಿ ತೆಲುಗೂ ಬರಲಿಲ್ಲ. ದುರುಗಕ್ಕನ ಹಿಂದೆ ಇನ್ನೊಬ್ಬ ಭಕ್ತನ ಹೆಂಡತಿ ಗುರುಶಾಂತಮ್ಮ ಹತ್ತಿದಳು. ಅವಳ ಹಿಂದೆ ಉಳಿದವರು. ಐದೇ ನಿಮಿಷದಲ್ಲಿ ಜೀಪಿನ ತುಂಬ ಹೆಂಗಸರಾದರು! ಯಾರಿಗೆ ಎಷ್ಟು ಸೆಖೆ ಇತ್ತೋ, ಯಾವಾಗಿನಿಂದ ಇತ್ತೋ, ಊರಿನ ಗಂಡಸರಲ್ಲಿ ಒಬ್ಬನೂ ಕೇಳಿದವನಲ್ಲ. ಎರ್ರಜ್ಜಿ ನನ್ನ ಜಾಗದಲ್ಲಿ, ಮುಂದಿನ ಸೀಟಿನಲ್ಲಿ, ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳನ್ನು ಇಳಿಸುವ ಧೈರ್ಯ ಹನುಮಂತುವಿಗೂ ಇರಲಿಲ್ಲ, ನನಗಂತೂ ಮೊದಲೇ ಇಲ್ಲ.

ನಾನು ಒಳಗೆ ಓಡಿ ಟ್ರಂಕಿನ ತಳದಿಂದ ಕೆಂಪು ಸ್ವೆಟರ್ ತಂದು ಕಿಟಕಿಯಿಂದ ಮಂಗಳಳ ಕೈಗೆ ಕೊಟ್ಟೆ. ಚಿಕ್ಕತಿಮ್ಮಯ್ಯನ ಕಂಬಳಿಯನ್ನು ಎರ್ರಜ್ಜಿ ಆಗಲೇ ಮಡಿಲಿಗೆ ಎಳೆದುಕೊಂಡಿದ್ದಳು. "ನೀವು?" ಎಂದು ಮಂಗಳಾ ಕೇಳಿದಳು. ಒಂಬತ್ತು ದಿನದ ನಂತರ ಅವಳು ನನ್ನ ಮುಖ ನೋಡಿ ಆಡಿದ ಮೊದಲ ಮಾತು.

"ಮರಿ ಯಾರು ನೋಡ್ತಾರ? ನೀ ಹೋಗು. ಕಿಟಕಿ ಹತ್ರ ಕುಂದರು" ಅಂದೆ.

ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಅಂಗಳದಲ್ಲಿ ಒಂಬತ್ತು ಗಂಡಸರು ಮತ್ತು ಒಂದು ಡಬ್ಬಿ ಮುಡುಪು ಉಳಿದವು. ನಾನು ಡಬ್ಬಿಯನ್ನು ಮೆತ್ತಗೆ ಪೆದ್ದಣ್ಣನ ಕಡೆ ಸರಿಸಿದೆ.

"ಕೈ ಬಿಟ್ಟ ಮುಡುಪು ತಿರುಗಿ ಮನಿಗೆ ಬರಬಾರದು" ಎಂದು ಚಿಕ್ಕತಿಮ್ಮಯ್ಯ ಅದನ್ನು ನನ್ನ ಕಡೆಗೇ ತಳ್ಳಿದರು. "ರಂಗಪ್ಪನ ಹೆಸರಿಲೆ ಕಟ್ಟೀವಿ, ರಂಗಪ್ಪಗ ಮುಟ್ಟಬೇಕು. ಮೋಡದಾಗ ಇಲ್ದಿದ್ರ ಏನಾತು, ನಮ್ಮ ಗುಡ್ಡದ ಮ್ಯಾಲೆ ಬಿಸಿಲಾಗ ಇದಾನಲ್ಲ. ಬರಿಗಾಲಿಲೆ ಹತ್ತಿ ಕೊಟ್ಟು ಬಾ. ಒಂದು ಸಲ ಮುಡುಪಿಗೆ, ಒಂದು ಸಲ ನಿನ್ನ ತಪ್ಪು ಕಾಣಿಕಿಗೆ. ಎರಡು ಸಲ ಹತ್ತು!"

ಎರಡು ಸಲ ಹತ್ತಿದೆ. ಮೇ ತಿಂಗಳ ಬಂಡೆ, ಬರಿಗಾಲು! ಒಂದೊಂದು ಮೆಟ್ಟಿಲಿಗೂ ನಾನು ಕುಣಿದ ಕುಣಿತ ಕಂಡು ಮೇಲಿದ್ದ ಪೂಜಾರಿ ನನ್ನನ್ನು ಮಹಾಭಕ್ತನೆಂದು ತಿಳಿದು ಎರಡು ಸಲ ತೀರ್ಥ ಕೊಟ್ಟರು. ಪೆದ್ದಣ್ಣನ ಗಂಟನ್ನು ಹಾಕುವಾಗ ಅವನ ಹನ್ನೊಂದು ಮರಿಗಳ ವಿಷಯ ನಿಜವಾಗಿಯೂ ಹೇಳಿಕೊಂಡೆ, ನನ್ನ ಔಷಧಿಯ ವಿಷಯವನ್ನೂ ಸೇರಿಸಿ.

ಕೆಳಗೆ ಬಂದರೆ ಇನ್ನೊಂದು ಶಿಕ್ಷೆ ಕಾದಿತ್ತು. ಊಟಿಗೆ ಹೋದವರ ಮನೆಗಳ ಮರಿಗಳನ್ನೆಲ್ಲ ಅವರ ಗಂಡಂದಿರು ತಂದು ನಮ್ಮ ಅಂಗಳಕ್ಕೆ ಬಿಟ್ಟಿದ್ದರು. "ನಿನ್ನ ಸಲುವಾಗಿ ಅಲ್ಲೇನು ಹೋಗಿದ್ದು? ನೀನೇ ನೋಡ್ಕೋ!" ಎಂಬ ಸಂದೇಶದೊಂದಿಗೆ. ಅರವತ್ತಕ್ಕೂ ಮೇಲ್ಪಟ್ಟ ಮರಿಗಳು ಏಕಕಾಲಕ್ಕೆ ಬ್ಯಾ ಎನ್ನುತ್ತಿದ್ದವು. ಸೊಪ್ಪು ಕಟ್ಟಿದೆ, ನೀರು ಹೊತ್ತೆ, ಯಾವ ಮರಿ ಯಾವ ತಾಯಿಯದೆಂದು ತಿಳಿಯದೆ ಎರಡು ಕುರಿಗಳಿಂದ ಒದೆಸಿಕೊಂಡೆ. ಇಷ್ಟನ್ನು ದಿನವೂ ಮಾಡಿ, ರೊಟ್ಟಿ ಬಡಿದು, ಆ ರಸ್ತೆಯಲ್ಲಿ ನಡೆದು ನನಗೆ ಬುತ್ತಿ ತರುತ್ತಿದ್ದ ಒಬ್ಬಳ ನೆನಪು ಗಳಿಗೆಗೊಮ್ಮೆ ಬರುತ್ತಿತ್ತು. ಹೇಳಲು ನಾಚಿಕೆಯಿಲ್ಲ, ಮೂರನೆಯ ದಿನ ಮರಿಗಳ ನಡುವೆ ಕೂತು ನನ್ನ ಕಣ್ಣು ತುಂಬಿತು.

ಅದೇ ದಿನ ಮಧ್ಯಾಹ್ನ ಮರಿಗಳಿಗೆ ಔಷಧಿ ತರಲೆಂದು ಬೊಬ್ಬೆ ಬಂದ ಕಾಲು ಎಳೆಯುತ್ತಾ ಅಂಗಡಿಗೆ ಹೋದೆ. ಒಳಗೆ ಬೆಂಕಿ ಸುರಿಯುತ್ತಿತ್ತು. ಸುತ್ತ ನೋಡಿದೆ, ಯಾರೂ ಇಲ್ಲ. ಫ್ರಿಜ್ಜಿನ ಬಾಗಿಲು ತೆಗೆದು, ಮುಖವನ್ನು ಲಸಿಕೆಗಳ ನಡುವೆ ಇಟ್ಟು, ಕಣ್ಣು ಮುಚ್ಚಿದೆ. ಅಹಾ! ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮುಖ ಹೊರಗೆ ತೆಗೆಯದೆಯೇ ಕಿವಿಗೆ ಹಿಡಿದೆ.

ಮಂಗಳಳ ದನಿ! ಆದರೆ ತುಂಡು ತುಂಡಾಗಿ ಬರುತ್ತಿತ್ತು. ಅಳುತ್ತಿದ್ದಾಳೆಂದು ಗಾಬರಿಯಾದೆ.

"ಏನಾತು ಮಂಗಳಾ?"

"ನ-ನ-ನಡುಗಾಕತ್ತೀನ್ರೀ! ಮಟಮಟ ಮಧ್ಯಾಹ್ನ! ಮಳಿ ಬಂದು ಮ್ಯಾಲೆ ಗಾಳಿ! ಸ್ವೆಟರ್ ಹಾಕ್ಕೊಂಡ್ರೂ ಹಲ್ಲು ಕಟಕಟ ಅಂತಾವ್ರೀ!" ಎಂದು ಗಟ್ಟಿಯಾಗಿ ನಕ್ಕಳು. ಹಿಂದೆ ಹೆಂಗಸರೆಲ್ಲ ನಗುತ್ತಿದ್ದರು. "ಎರ್ರಜ್ಜಿ ಮುಂಜಾನಿಂದ ಬಾಯಿ ಮುಚ್ಚವಲ್ಲಳು. ಕಂಬಳಿ ಹೊದ್ದು ಕುಂತು ಹೊಗಿ ಬಿಡಾಕತ್ಯಾಳ. ಮುಡುಪು ಬಿಚ್ಚಿ ಆ ದುಡ್ಡಿಗೆ ಚಾ ಕುಡಿದ್ಲು. ತೀರಿತಂತ ಹರಕಿ!"

ನನ್ನ ಶಪಥ ಪೂರ್ತಿಯಾಗಿತ್ತು. ಹೆಂಡತಿ ಗಡಗಡ ನಡುಗುತ್ತಿದ್ದಳು, ನಾನು ಮಾತ್ರ ಅಲ್ಲಿರಲಿಲ್ಲ. ಶ್ರೇಷ್ಠ ಗಂಡಂದಿರ ಪಟ್ಟಿಯಲ್ಲಿ ಕೊನೆಯ ಸ್ಥಾನವಾದರೂ ಸಿಗಲೆಂದು ದನಿ ಮೆತ್ತಗೆ ಮಾಡಿ, "ನೀ ಚಂದಾಗಿ ನಡುಗು ಮಂಗಳಾ. ನನ್ನ ಚಿಂತಿ ಮಾಡಬ್ಯಾಡ. ನಾನಿಲ್ಲಿ ಬಿಸಿಲಾಗ ಹೆಂಗೋ..." ಎಂದು ಶುರುಮಾಡಿದೆ.

ಆ ಕಡೆ ನಗು ನಿಂತಿತು. ಅವಳು ಒಂದು ಕ್ಷಣ ಕಿವಿಗೊಟ್ಟು ಕೇಳಿದಳು.

"ರೀ, ಅದೇನು ಗುಂಯ್ ಅಂತ ಸಪ್ಪಳ?"

"ಯಾ... ಯಾವುದು?"

"ಬಾಗಿಲು ಮುಚ್ರಿ! ಲಸಿಕಿ ಕೆಡ್ತಾವ!"